ಮಂತ್ರಾಲಯ ಮುಗಿಸಿ ರಾಯಚೂರಿನಲ್ಲಿ ಊಟಕ್ಕೆ ನಿಂತಾಗ

ಮಂತ್ರಾಲಯಕ್ಕೆ ಹೋಗುವ ನಮ್ಮ ಕಡೆಯವರಿಗೆ ರಾಯಚೂರು ಎಂದರೆ ಬಸ್ಸು ಬದಲಿಸುವ ಊರು. ನಾವೂ ಎರಡು ಸಲ ಹಾಗೆಯೇ ಹಾದುಹೋಗಿದ್ದೆವು. ಈ ಜನವರಿಯಲ್ಲಿ ಅಪ್ಪನ ಹರಕೆ ತೀರಿಸಲು ಮತ್ತೆ ಹೊರಟಾಗ, ದರ್ಶನವಾದ ಮೇಲೆ ಎರಡು ದಿನ ರಾಯಚೂರಿನಲ್ಲೇ ಉಳಿದು ಅಲ್ಲಿಯ ಊಟ ಉಣ್ಣುವುದೆಂದು ಮೊದಲೇ ತೀರ್ಮಾನಿಸಿದ್ದೆವು. ಮೈಸೂರು, ಮಂಡ್ಯ, ಹಾಸನದ ಕಡೆಯಿಂದ ವಯಸ್ಸಾದವರನ್ನೂ ಮಕ್ಕಳನ್ನೂ ಕರೆದುಕೊಂಡು ಹೋಗುವವರಿಗೆ ಅನುಕೂಲವಾಗಲೆಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ದಿನಗಳ ಲೆಕ್ಕ. ಅಪ್ಪ ನಿವೃತ್ತಿಯಾದ ಮೇಲೆ ಮಾಂಸ ಬಿಟ್ಟವರು, ಖಾರವೂ ಅಷ್ಟಕ್ಕಷ್ಟೇ. ನನ್ನ ಗಂಡನಿಗೂ ಹನ್ನೆರಡರ ಮಗನಿಗೂ ಬಿರಿಯಾನಿಯೆಂದರೆ ಪ್ರಾಣ. ಕ್ಷೇತ್ರಕ್ಕೆ ಹೋಗುವ ಮುನ್ನ ಮಾಂಸ ಮುಟ್ಟಬಾರದೆಂಬುದು ನಮ್ಮ ಮನೆಯ ಪದ್ಧತಿ. ಆದ್ದರಿಂದ ಬೆಂಗಳೂರಿನಿಂದ ಬುಧವಾರ ರಾತ್ರಿಯ ರೈಲು ಹತ್ತಿ, ಬೆಳಗಿನ ಜಾವ ಮಂತ್ರಾಲಯ ರೋಡ್ ನಿಲ್ದಾಣದಲ್ಲೇ ಇಳಿದು, ದರ್ಶನ ಮುಗಿಸಿಕೊಂಡು ಮಧ್ಯಾಹ್ನದ ಬಸ್ಸಿನಲ್ಲಿ ರಾಯಚೂರಿಗೆ ಬಂದೆವು. ಸುಮಾರು 45 ಕಿಲೋಮೀಟರ್ ದಾರಿ. ಗುರುವಾರ ರಾಯರ ವಾರ, ಜನ ಹೆಚ್ಚು. ಹರಕೆಯ ಕಟ್ಟಿಲ್ಲದವರು ಬೇರೆ ವಾರ ಆರಿಸಿಕೊಳ್ಳಿ. ಬೇಸಿಗೆಯಲ್ಲಂತೂ ಈ ಪ್ರವಾಸ ಬೇಡವೇ ಬೇಡ. ಬಿಸಿಲು 40 ಡಿಗ್ರಿ ದಾಟುವ ಊರಿನಲ್ಲಿ ಹಸಿವೇ ಆಗುವುದಿಲ್ಲ. ಜನವರಿಯಲ್ಲಾದರೆ ಎಳೆಯ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು ಉದುರಿಸಿದ ಸೀತನಿಯೂ ಸಿಗುತ್ತದೆ. ಬಸ್ಸಿನಲ್ಲಿ ನಮ್ಮ ಪಕ್ಕ ಕುಳಿತಿದ್ದ ಹೆಂಗಸು ತಮ್ಮ ಹೊಲದ್ದೆಂದು ಒಂದು ಹಿಡಿ ಸೀತನಿಯನ್ನು ಬೆಲ್ಲದೊಂದಿಗೆ ಮಗನ ಕೈಗೆ ಹಾಕಿದರು.

ಆ ರಾತ್ರಿ ಮಾತ್ರ ತಪ್ಪು ಮಾಡಿದೆವು. ನಾಲ್ವರಿಗೂ ಬೇಕಾದದ್ದು ಒಂದೇ ಕಡೆ ಸಿಕ್ಕೀತೆಂದು ವಸತಿಗೃಹದ ಪಕ್ಕದ ಹವಾನಿಯಂತ್ರಿತ ಹೋಟೆಲಿಗೆ ಹೋದೆವು. ಪಟ್ಟಿಯಲ್ಲಿ ನೂಡಲ್ಸಿನಿಂದ ಹಿಡಿದು ಜೋಳದ ರೊಟ್ಟಿಯವರೆಗೆ ಎಲ್ಲವೂ ಇದ್ದವು. ಮುಕ್ಕಾಲು ಗಂಟೆ ಕಾದ ಮೇಲೆ ಬಂದ ರೊಟ್ಟಿ ಯಾವಾಗಲೋ ಮಾಡಿಟ್ಟದ್ದು, ಅಂಚು ಒರಟಾಗಿ ನಡು ಹಸಿಯಾಗಿತ್ತು. ಅಪ್ಪ ಅರ್ಧಕ್ಕೇ ಕೈ ತೊಳೆದರು. ಎಲ್ಲರಿಗೂ ಹೊಂದುವ ಒಂದು ಹೋಟೆಲನ್ನು ರಾಯಚೂರಿನಲ್ಲಿ ಹುಡುಕಬೇಡಿ. ಈ ಊರಿನಲ್ಲಿ ಒಂದೊಂದು ಅಡುಗೆಗೂ ಒಂದು ಹೊತ್ತಿದೆ, ಆ ಹೊತ್ತಿಗೆ ಆ ಅಡುಗೆಯವರ ಹತ್ತಿರವೇ ಹೋಗಬೇಕು. ಯಾರಿಗೆ ಯಾವುದು ಒಗ್ಗುವುದಿಲ್ಲವೋ ಅವರು ಆ ಹೊತ್ತು ಬೇರೆ ಕಡೆ ಉಂಡರಾಯಿತು.

ಶುಕ್ರವಾರ ಬೆಳಿಗ್ಗೆ ಏಳೂವರೆಗೆ ರೈಲು ನಿಲ್ದಾಣದ ರಸ್ತೆಯ ಒಂದು ತಳ್ಳುಗಾಡಿಯ ಮುಂದೆ ನಿಂತೆವು. ಬೆಳಗಿನ ತಿಂಡಿಗೆ ಇಲ್ಲಿ ಒಗ್ಗರಣೆ ಮತ್ತು ಮಿರ್ಚಿ, ಅಂದರೆ ಒಗ್ಗರಣೆ ಹಾಕಿದ ಮಂಡಕ್ಕಿ ಮತ್ತು ಮೆಣಸಿನಕಾಯಿ ಬಜ್ಜಿ. ಮಂಡಕ್ಕಿಯನ್ನು ಬಕೆಟ್ಟಿನ ನೀರಿನಲ್ಲಿ ಅದ್ದಿ, ಎರಡೂ ಅಂಗೈಗಳ ನಡುವೆ ಹಿಂಡಿ, ಸಾಸಿವೆ, ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು, ಅರಿಸಿನ ಬೆಂದಿದ್ದ ದೊಡ್ಡ ಬಾಣಲೆಗೆ ಸುರಿದರು. ನಾಲ್ಕೇ ಸಲ ಮಗುಚಿದ್ದು. ಕೊನೆಯಲ್ಲಿ ಮೇಲಿನಿಂದ ಪುಟಾಣಿ (ನಮ್ಮ ಹುರಿಗಡಲೆ) ಹಿಟ್ಟನ್ನು ಉದುರಿಸಿದಾಗ ಒದ್ದೆ ಮಂಡಕ್ಕಿಯೆಲ್ಲ ಬಿಡಿಬಿಡಿಯಾಯಿತು. ಹಿಂಡುವ ಕೈಯ ಹದದಲ್ಲೇ ಈ ತಿಂಡಿಯ ರುಚಿ ಇರುವುದು: ಹೆಚ್ಚು ಹಿಂಡಿದರೆ ರಬ್ಬರು, ಕಡಿಮೆ ಹಿಂಡಿದರೆ ಮುದ್ದೆ. ಪಕ್ಕದ ಎಣ್ಣೆಯಿಂದ ಆಗತಾನೇ ಎದ್ದ ಮಿರ್ಚಿಯನ್ನು ಕಾಗದದ ಮೇಲಿಟ್ಟು ಕೊಟ್ಟರು. ಒಗ್ಗರಣೆಯನ್ನು ಒಂದು ತುತ್ತು, ಮಿರ್ಚಿಯನ್ನು ಒಂದು ಕಡಿತ, ಹೀಗೆ ತಿನ್ನಬೇಕು. ಖಾರಕ್ಕೆ ಹೆದರುವವರಿಗೆ ಮೆಣಸಿನಕಾಯಿ ಸೀಳಿ ಬೀಜ ತೆಗೆದು ಕೊಡಿ, ಮಗ ಹಾಗೆಯೇ ತಿಂದ. ಅಪ್ಪ ಒಗ್ಗರಣೆಯನ್ನಷ್ಟೇ ತಿಂದರು, ಎರಡನೆಯ ತಟ್ಟೆಯನ್ನೂ ಕೇಳಿದರು. ಒಂಬತ್ತೂವರೆ ಆದರೆ ಗಾಡಿಯಲ್ಲಿ ಏನೂ ಉಳಿದಿರುವುದಿಲ್ಲ.

ಮಧ್ಯಾಹ್ನ ಖಾನಾವಳಿ. ಆಟೋ ಚಾಲಕರನ್ನು ಕೇಳಿ, ಆದರೆ ‘ಒಳ್ಳೆಯ ಹೋಟೆಲ್ ಯಾವುದು’ ಎಂದು ಕೇಳಬೇಡಿ. ‘ನೀವು ರೊಟ್ಟಿ ಎಲ್ಲಿ ಉಣ್ಣುತ್ತೀರಿ’ ಎಂದು ಕೇಳಿ. ನಮ್ಮನ್ನು ಅವರು ಇಳಿಸಿದ್ದು ಒಂದು ಹಳೆಯ ಮನೆಯ ಮುಂದೆ. ಒಳಗಿನಿಂದ ರೊಟ್ಟಿ ತಟ್ಟುವ ಸದ್ದು ಬೀದಿಗೇ ಕೇಳುತ್ತಿತ್ತು. ಆ ಸದ್ದು ಕೇಳದ ಕಡೆ ರೊಟ್ಟಿ ಕೇಳಬೇಡಿ ಎಂದು ಈಗ ಧೈರ್ಯವಾಗಿ ಹೇಳುತ್ತೇನೆ. ತಟ್ಟೆಯಲ್ಲಿ ಎಣ್ಣೆಗಾಯಿ, ಮಡಿಕೆಕಾಳು, ಶೇಂಗಾ ಚಟ್ನಿಪುಡಿ, ಗುರೆಳ್ಳು (ನಮ್ಮ ಹುಚ್ಚೆಳ್ಳು) ಪುಡಿ, ಹಸಿ ಈರುಳ್ಳಿ, ಮೆಂತ್ಯದ ಸೊಪ್ಪು, ಗಟ್ಟಿ ಮೊಸರು. ಇವುಗಳ ನಡುವೆ ಕಡು ಹಸಿರಿನ, ಮುದ್ದೆಯಂಥ ಒಂದು ಪಲ್ಯ. ಅದು ಪುಂಡಿ ಪಲ್ಯ. ಪುಂಡಿ ಹುಳಿ ಸೊಪ್ಪು. ಅದನ್ನು ಬೇಯಿಸಿ, ಹುಳಿ ತಗ್ಗಲು ಜೋಳದ ನುಚ್ಚನ್ನೂ ಬೇಳೆಯನ್ನೂ ಸೇರಿಸಿ, ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟಿರುತ್ತಾರೆ. ಬಿಸಿ ರೊಟ್ಟಿಯ ಚೂರಿನಲ್ಲಿ ಅದನ್ನು ಎತ್ತಿಕೊಂಡು ಬಾಯಿಗಿಟ್ಟಾಗ ಮೊದಲು ಹುಳಿ, ಆಮೇಲೆ ನುಚ್ಚಿನ ಹಿತವಾದ ಮಂದ. ಅಪ್ಪ ಮಾತು ನಿಲ್ಲಿಸಿ ಉಂಡರು. ಬಡಿಸುತ್ತಿದ್ದ ತಾಯಿ ಬಂದು, “ತಾತ, ಪುಡಿಗೆ ಮೊಸರು ಹಾಕಿಕೊಳ್ಳಿ, ಖಾರ ಇಳಿಯುತ್ತದೆ” ಎಂದು ತಾವೇ ಎರಡು ಸೌಟು ಹಾಕಿ ಹೋದರು.

ಬಿಸಿ ರೊಟ್ಟಿ ಬೇಕೋ ಕಡಕ್ ರೊಟ್ಟಿ ಬೇಕೋ ಎಂದು ಕೇಳುತ್ತಾರೆ; ಹಲ್ಲು ಗಟ್ಟಿಯಿಲ್ಲದವರಿಗೆ ಬಿಸಿಯದೇ ಸರಿ. ಅನ್ನ ಕೊನೆಗೆ ಬರುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸಿಂಧನೂರು, ಮಾನ್ವಿಯ ಕಡೆಯೆಲ್ಲ ಭತ್ತದ ಗದ್ದೆಗಳಾದವು, ಇಲ್ಲಿಯ ಸೋನಾ ಮಸೂರಿ ನಮ್ಮ ಮೈಸೂರಿನ ಅಂಗಡಿಗೂ ಬರುತ್ತದೆ. ಹಾಗಿದ್ದೂ ಊಟ ಶುರುವಾಗುವುದು ಜೋಳದಿಂದಲೇ. ಒಂದು ಗಂಟೆಯ ಒಳಗೆ ಹೋಗಿ, ಎರಡರ ಮೇಲೆ ಪಲ್ಯ ಒಂದೊಂದಾಗಿ ಮುಗಿಯುತ್ತದೆ. ತಲೆಗೆ 100 ರೂಪಾಯಿಯ ಆಸುಪಾಸು ಆಯಿತು.

ಸಂಜೆ ಕೋಟೆ ನೋಡಿಕೊಂಡು ಬಂದೆವು. ಗೋಡೆಯಲ್ಲಿ ಒಂದೇ ಉದ್ದನೆಯ ಕಲ್ಲಿನ ಮೇಲೆ 1294ರ ಶಾಸನವಿದೆ, ತಪ್ಪಿಸಬೇಡಿ. ಅಲ್ಲಿಂದ ತೀನ್ ಕಂದಿಲ್ ಕಡೆ ನಡೆದರೆ 1513ರ ಏಕ್ ಮಿನಾರ್ ಮಸೀದಿ. ಆ ಸುತ್ತಿನಲ್ಲೇ ಇರಾನಿ ಚಹಾ ಕುಡಿಯಿರಿ. 1956ರವರೆಗೆ ರಾಯಚೂರು ಹೈದರಾಬಾದ್ ರಾಜ್ಯಕ್ಕೆ ಸೇರಿತ್ತು, ಆ ನಂಟು ಚಹಾದ ಲೋಟದಲ್ಲಿ ಇನ್ನೂ ಉಳಿದಿದೆ. ಚಹಾದ ಕಷಾಯ ಒಂದು ಪಾತ್ರೆಯಲ್ಲಿ, ಗಟ್ಟಿಯಾಗುವಂತೆ ಕಾದ ಹಾಲು ಇನ್ನೊಂದರಲ್ಲಿ. ಲೋಟದಲ್ಲಷ್ಟೇ ಎರಡೂ ಕೂಡುತ್ತವೆ. ಸಿಹಿಯ ಜೊತೆ ಸಣ್ಣ ಉಪ್ಪಿರುವ ಉಸ್ಮಾನಿಯಾ ಬಿಸ್ಕತ್ತನ್ನು ಅದ್ದಿ ತಿನ್ನಬೇಕು. ಸಕ್ಕರೆ ಕಾಯಿಲೆಯವರು ಒಂದು ಲೋಟವನ್ನು ಇಬ್ಬರು ಹಂಚಿಕೊಳ್ಳಿ. ಸಕ್ಕರೆ ಕಡಿಮೆ ಮಾಡಿಕೊಡಲು ಅವರಿಗೆ ಸಾಧ್ಯವಾಗಲಿಲ್ಲ.

ರಾತ್ರಿ ತೆಲುಗಿನವರ ಮೆಸ್ಸಿಗೆ ಹೋದೆವು. ಮುಂಬೈ ಕಡೆಯಿಂದ ಬಂದ ಹಳಿಗೂ ಮದ್ರಾಸಿನ ಕಡೆಯಿಂದ ಬಂದ ಹಳಿಗೂ 1871ರಲ್ಲಿ ಕೂಡುಸ್ಥಳವಾದದ್ದು ರಾಯಚೂರು. ಅದಕ್ಕೇ ಇರಬೇಕು, ಮೇಜಿನ ಸುತ್ತಲೂ ಕನ್ನಡ, ತೆಲುಗು, ಉರ್ದು ಮೂರೂ ಕೇಳುತ್ತಿದ್ದವು. ಬಿಸಿ ಅನ್ನಕ್ಕೆ ತೊಗರಿಬೇಳೆಯ ಪುಡಿ ಮತ್ತು ತುಪ್ಪ, ಆಮೇಲೆ ಪಪ್ಪು ಎನ್ನುವ ಗಟ್ಟಿ ಬೇಳೆ, ಅದರ ಪಕ್ಕದಲ್ಲಿ ಎಣ್ಣೆ ಮಿಂಚುವ ಒಂದು ಪಚ್ಚಡಿ. ಅಪ್ಪ ಬೆರಳ ತುದಿಯಲ್ಲಿ ನೆಕ್ಕಿ, “ಇದು ಮಧ್ಯಾಹ್ನದ ಪುಂಡಿಯೇ ಅಲ್ಲವೇ?” ಎಂದರು. ಹೌದು, ತೆಲುಗಿನವರ ಗೋಂಗೂರ ನಮ್ಮ ಪುಂಡಿಯೇ. ಮಧ್ಯಾಹ್ನ ನುಚ್ಚಿನಲ್ಲಿ ಮೆತ್ತಗಾಗಿದ್ದ ಹುಳಿ ಇಲ್ಲಿ ಒಣಮೆಣಸಿನಕಾಯಿಯ ಜೊತೆ ಚುರುಕಾಗಿತ್ತು. ಅಪ್ಪನಂಥವರು ಕಡಲೆಕಾಳಿನಷ್ಟು ಹಾಕಿಕೊಂಡರೆ ಸಾಕು, ತುಪ್ಪವನ್ನು ಮಾತ್ರ ಬೇಡ ಎನ್ನಬಾರದು.

ಬಿರಿಯಾನಿಯನ್ನು ಶನಿವಾರ ಮಧ್ಯಾಹ್ನಕ್ಕೆ ಇಟ್ಟುಕೊಂಡಿದ್ದೆವು. ಶುಕ್ರವಾರ ನಮಾಜಿನ ಹೊತ್ತಿಗೆ ಕೆಲವು ಅಂಗಡಿಗಳು ಬಾಗಿಲು ಹಾಕುತ್ತವೆ, ಸುತ್ತಲಿನ ಬೀದಿಗಳೂ ತುಂಬಿರುತ್ತವೆ. ಅಪ್ಪನನ್ನು ಒಂದು ಉಡುಪಿ ಹೋಟೆಲಿನಲ್ಲಿ ಮೊಸರನ್ನದ ಮುಂದೆ ಕೂರಿಸಿ ನಾವು ಮೂವರು ಹೋದೆವು. ಹನ್ನೆರಡೂವರೆಗೆ ಹಂಡೆಯ ಮುಚ್ಚಳ ತೆಗೆಯುವಾಗಲೇ ಅಲ್ಲಿರಬೇಕು. ಹೈದರಾಬಾದಿನ ರೀತಿಯ ದಮ್ ಬಿರಿಯಾನಿಯಲ್ಲಿ ಮಸಾಲೆ ಹಚ್ಚಿದ ಮಾಂಸ ಅಡಿಯಲ್ಲಿ, ಅಕ್ಕಿ ಮೇಲೆ. ಮೊದಲು ತೆಗೆಯುವವರಿಗೆ ಎರಡೂ ಸಮವಾಗಿ ಬರುತ್ತವೆ. ಖಾರ ತಾಳದ ಮಕ್ಕಳಿಗೆ ತುಂಡುಗಳಿಲ್ಲದ ಕುಷ್ಕಾ ಕೇಳಿ. ಶೇಂಗಾ, ಎಳ್ಳು ರುಬ್ಬಿದ ಮಿರ್ಚಿ ಸಾಲನ್ ಕೊಟ್ಟಾಗ ಅನ್ನದ ಮೇಲೆ ಸುರಿಯದೆ ಪಕ್ಕದಲ್ಲಿಟ್ಟುಕೊಳ್ಳಿ. ಗಂಡ ತರಿಸಿದ ಗೋಂಗೂರ ಮಟನ್ನಿನಲ್ಲಿ ಅದೇ ಪುಂಡಿ ಮೂರನೆಯ ಸಲ ಎದುರಾಯಿತು. ನನಗೆ ಮೂರರಲ್ಲಿ ಖಾನಾವಳಿಯದೇ ಮೇಲೆನಿಸಿತು, ಅವರಿಗೆ ಇದು.

ಹೊರಡುವ ಸಂಜೆ ಕಡಕ್ ರೊಟ್ಟಿ ಕಟ್ಟಿಸಿಕೊಂಡೆವು. ಗಟ್ಟಿ ಡಬ್ಬಿ ಒಯ್ಯಿರಿ, ಚೀಲದಲ್ಲಿಟ್ಟರೆ ರೈಲಿನಲ್ಲಿ ಪುಡಿಯಾಗುತ್ತದೆ. ಗುರೆಳ್ಳು ಪುಡಿಯನ್ನೂ ತನ್ನಿ. ಅಪ್ಪನ ಆಸೆಗೆ ಮಾರುಕಟ್ಟೆಯಲ್ಲಿ ಎರಡು ಕಟ್ಟು ಪುಂಡಿ ಕೊಂಡೆವು. ಸೊಪ್ಪು ಮಾರುವ ಅಜ್ಜಿ ಒದ್ದೆ ಬಟ್ಟೆಯಲ್ಲಿ ಸುತ್ತಿಕೊಟ್ಟು, ಕೆಂಪು ಕಡ್ಡಿ ಬಿಟ್ಟು ಎಲೆಯನ್ನಷ್ಟೇ ಬಿಡಿಸಿಕೊಳ್ಳಲು ಹೇಳಿದರು. ರಾತ್ರಿಯ ರೈಲಿನಲ್ಲಿ ಬಂದರೂ ಸೊಪ್ಪು ಬಾಡಿರಲಿಲ್ಲ. ಭಾನುವಾರ ಸಂಜೆ ಅಪ್ಪನೇ ಕುಳಿತು ಎಲೆ ಬಿಡಿಸಿದರು. ಆದರೆ ಜೋಳದ ನುಚ್ಚು ತರುವುದನ್ನು ಮರೆತಿದ್ದೆವು. ಅಕ್ಕಿ ನುಚ್ಚು ಹಾಕಿ ಮಾಡಿದೆವು, ಹುಳಿ ತಗ್ಗಲೇ ಇಲ್ಲ. ನೀವು ಪುಂಡಿ ಕೊಳ್ಳುವಾಗ ಅರ್ಧ ಕಿಲೋ ಜೋಳದ ನುಚ್ಚನ್ನೂ ಕೊಂಡುಕೊಳ್ಳಿ.