ಮ್ಯಾಚ್ ಇಲ್ಲದ ದಿನದ ವೆಂಬ್ಲಿ

ಲಂಡನ್ನಿನ ವೆಂಬ್ಲಿ ಪಾರ್ಕ್ ಟ್ಯೂಬ್ ರೈಲು ಸ್ಟೇಷನ್ನಿನ ಹೊರಗೆ, ಕೆಳಗಿನ ರಸ್ತೆಗೆ ಇಳಿಯುವ ಅಗಲವಾದ ಮೆಟ್ಟಿಲುಗಳ ತುದಿಯಲ್ಲಿ ಅಪ್ಪ ನಿಂತುಬಿಟ್ಟರು. ನೇರ ಎದುರಿಗೆ, ಬುಟ್ಟಿಗೆ ಹಿಡಿಕೆ ಹಾಕಿದಂತೆ, ವೆಂಬ್ಲಿ ಫುಟ್‌ಬಾಲ್ ಕ್ರೀಡಾಂಗಣದ ಬಿಳಿಯ ಕಮಾನು ಕಾಣುತ್ತಿತ್ತು. ಅದನ್ನು ತೋರಿಸಲೆಂದೇ ನಾನು ಅವರನ್ನು ಕರೆತಂದಿದ್ದೆ. ಅವರು ಮಾತ್ರ ಕೆಳಗೆ ಓಡಾಡುತ್ತಿದ್ದ ಜನರನ್ನು ನೋಡುತ್ತಿದ್ದರು.

“ಇವತ್ತು ಮ್ಯಾಚ್ ಇದೆಯೇನಮ್ಮ?”

“ಇಲ್ಲಪ್ಪ, ಗುರುವಾರ ಅಲ್ವಾ, ಏನೂ ಇಲ್ಲ.”

“ಏನೂ ಇಲ್ಲದ ದಿನ ಇಷ್ಟು ಜನ ಇಲ್ಲೇನು ಮಾಡ್ತಾರೆ?”

2025ರ ಜುಲೈ ತಿಂಗಳ ಕೊನೆಯ ವಾರವದು. ಇಲ್ಲಿಯ ಶಾಲೆಗಳಿಗೆ ಬೇಸಿಗೆ ರಜೆ ಆಗಷ್ಟೇ ಶುರುವಾಗಿತ್ತು. ಹತ್ತು ವರ್ಷದ ನನ್ನ ಮಗ ತಾತನ ಕೈಹಿಡಿದು ಎಳೆಯುತ್ತಿದ್ದ. ಅಪ್ಪ ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರ್ ಆಗಿ ನಿವೃತ್ತರಾದವರು. ಬೆಂಗಳೂರಿನ ಸಂಪಂಗಿರಾಮನಗರದಲ್ಲಿ ನಮ್ಮ ಮನೆ. ಕೆರೆಯ ಅಂಗಳದಲ್ಲಿ ಎದ್ದ ಕಂಠೀರವ ಕ್ರೀಡಾಂಗಣದ ಸುತ್ತ ದಿನವೂ ಬೆಳಿಗ್ಗೆ ನಡೆದು ಬರುವ, ಕರಗದ ವಿಧಿಗಳಿಗೆಂದು ಉಳಿಸಿಕೊಂಡ ಪುಟ್ಟ ಕೊಳವೊಂದೇ ಸಂಪಂಗಿ ಕೆರೆಯ ಗುರುತಾಗಿ ನಿಂತಿದೆಯೆಂದು ಎದುರು ಸಿಕ್ಕವರಿಗೆಲ್ಲ ಹೇಳುವ ಮನುಷ್ಯ ಅವರು. ಆ ವರ್ಷ ಅವರು ಲಂಡನ್ನಿಗೆ ಬಂದಿಳಿದದ್ದು, ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಜನ ಸತ್ತ ಎರಡು ವಾರಗಳ ಮೇಲೆ. ಆ ದಿನ ನಮ್ಮ ಬೀದಿಯ ಹುಡುಗನೊಬ್ಬ ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದು, ರಾತ್ರಿಯಿಡೀ ಮಾತಾಡದೆ ಕೂತಿದ್ದನ್ನು ಅಪ್ಪ ನನಗೆ ಮೂರು ಬಾರಿ ಹೇಳಿದ್ದರು. ಕ್ರೀಡಾಂಗಣ ಊರ ಮಧ್ಯೆ ಇರಬೇಕೇ ಬೇಡವೇ ಎಂಬ ಪ್ರಶ್ನೆ ಅವರ ತಲೆಯಲ್ಲಿ ಕೊರೆಯುತ್ತಿತ್ತು ಎಂಬುದು ನನಗೆ ಗೊತ್ತಿತ್ತು. ವೆಂಬ್ಲಿಗೆ ಕರೆತರಲು ಅದೂ ಒಂದು ಕಾರಣ.

ನಾನು ಈ ಊರಿಗೆ ಬಂದದ್ದು 2006ರಲ್ಲಿ. 1923ರಲ್ಲಿ ತೆರೆದಿದ್ದ, ಅವಳಿ ಗೋಪುರಗಳ ಹಳೆಯ ಕ್ರೀಡಾಂಗಣವನ್ನು 2000ದಲ್ಲಿ ಮುಚ್ಚಿ, ಆಮೇಲೆ ಕೆಡವಿ, ಅದೇ ಜಾಗದಲ್ಲಿ ಹೊಸದನ್ನು ಕಟ್ಟುತ್ತಿದ್ದರು. 133 ಮೀಟರ್ ಎತ್ತರದ ಕಮಾನು ಆಗಲೇ ಎದ್ದು ನಿಂತಿತ್ತು. ಕಟ್ಟಡ ಮಾತ್ರ ಹೇಳಿದ ಗಡುವುಗಳನ್ನೆಲ್ಲ ಮೀರಿ 2007ರ ಮಾರ್ಚಿನಲ್ಲಿ ಬಾಗಿಲು ತೆರೆಯಿತು. ಸುತ್ತಲೂ ಇದ್ದದ್ದು ಡಾಂಬರಿನ ವಾಹನ ನಿಲುಗಡೆ ಬಯಲು, ತಗಡಿನ ಗೋದಾಮುಗಳು, ಮತ್ತು ಹಿಂದೆ 1924–25ರಲ್ಲಿ ಇಲ್ಲಿ ನಡೆದ ಬ್ರಿಟಿಷ್ ಸಾಮ್ರಾಜ್ಯದ ಮಹಾ ವಸ್ತುಪ್ರದರ್ಶನದ ಪಳೆಯುಳಿಕೆಯಂಥ ಕಾಂಕ್ರೀಟಿನ ಗೋಡೆಗಳು. ಮ್ಯಾಚ್ ಮುಗಿದು ಜನ ಹೋದರೆಂದರೆ ಕಾಗದದ ಲೋಟಗಳು ಗಾಳಿಗೆ ಉರುಳುವ ಸದ್ದು ಬಿಟ್ಟು ಬೇರೇನೂ ಕೇಳಿಸುತ್ತಿರಲಿಲ್ಲವೆಂದು ಹಳಬರು ಹೇಳುತ್ತಿದ್ದರು.

ಆದರೆ ಭಾನುವಾರಗಳಂದು ಆ ಬಯಲಿನಲ್ಲಿ ಸಂತೆ ಸೇರುತ್ತಿತ್ತು. ಸೂಟ್‌ಕೇಸು, ಪಾತ್ರೆ, ಬೂಟು, ಮಕ್ಕಳ ಅಂಗಿ, ಹೊದಿಕೆ ಎಲ್ಲವೂ ಸಿಗುವ ದೊಡ್ಡ ಸಂತೆ. ಮೊದಲ ಚಳಿಗಾಲದಲ್ಲಿ ನಾನು ಕೊಂಡ ಕಂದುಬಣ್ಣದ ದಪ್ಪ ಕಂಬಳಿ ಅಲ್ಲಿಯದೇ. ಐದು ಪೌಂಡಿಗೆ ಚೌಕಾಸಿ ಮಾಡಿ ತಂದದ್ದು ಇವತ್ತಿಗೂ ಮನೆಯಲ್ಲಿದೆ. ಯಾವ ನಕ್ಷೆಯೂ ಇಲ್ಲದೆ, ಯಾರ ಯೋಜನೆಯೂ ಇಲ್ಲದೆ ಆ ಜಾಗ ಬಡಬಗ್ಗರಿಗೂ ಹೊಸಬರಿಗೂ ಒದಗಿಬರುತ್ತಿತ್ತು. ಹೊಸ ಕಟ್ಟಡಗಳು ಏಳುತ್ತ ಬಂದಂತೆ ಸಂತೆಗೆ ಅಲ್ಲಿ ಜಾಗವಿಲ್ಲದಾಯಿತು. ಈಗಿನ ವೆಂಬ್ಲಿಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೂ ಆ ಸಂತೆಯನ್ನು ಉಳಿಸಿಕೊಳ್ಳುವ ದಾರಿಯೊಂದನ್ನು ಹುಡುಕಬಹುದಿತ್ತು ಎಂಬ ನೋವು ನನ್ನಲ್ಲಿ ಆರಿಲ್ಲ.

ಮೆಟ್ಟಿಲಿಳಿದು ಸೇತುವೆಯ ಕೆಳಗೆ ಬಂದೆವು. ಅಲ್ಲಿಯ ಗೋಡೆಗಳಿಗೆ ಕೂರಿಸಿದ ಪಿಂಗಾಣಿ ಹಂಚುಗಳ ಮೇಲೆ ಆಟಗಾರರ, ಹಾಡುಗಾರರ ಚಿತ್ರಗಳಿವೆ. 1993ರಲ್ಲಿ ಮಾಡಿಸಿದ ಇವು ಕೆಲವು ವರ್ಷ ಜಾಹೀರಾತಿನ ಫಲಕಗಳ ಹಿಂದೆ ಮುಚ್ಚಿಹೋಗಿದ್ದವು. ಊರಿನ ಇತಿಹಾಸದಲ್ಲಿ ಆಸಕ್ತಿಯುಳ್ಳ ಕೆಲವರು ಪಟ್ಟು ಬಿಡದೆ ಕೇಳಿದ್ದರಿಂದ ಒಂದಷ್ಟು ಮತ್ತೆ ಬೆಳಕಿಗೆ ಬಂದಿವೆ. ಅಪ್ಪ ಒಂದು ಹಂಚಿನ ಅಂಚನ್ನು ಉಗುರಿನಿಂದ ಸವರಿ, “ಗಾರೆ ಗಟ್ಟಿಯಾಗಿದೆ” ಎಂದರು. ಅವರ ಮೆಚ್ಚುಗೆ ಯಾವಾಗಲೂ ಇಷ್ಟೇ ಮಾತಿನಲ್ಲಿ ಮುಗಿಯುತ್ತದೆ.

ಅಲ್ಲಿಂದ ಕ್ರೀಡಾಂಗಣದವರೆಗೆ ನೇರವಾಗಿ ಹೋಗುವ ಕಾಲ್ದಾರಿಗೆ ಒಲಿಂಪಿಕ್ ವೇ ಎಂದು ಹೆಸರು. 1948ರ ಒಲಿಂಪಿಕ್ಸ್‌ಗೆಂದು, ಯುದ್ಧದಲ್ಲಿ ಸೆರೆಸಿಕ್ಕ ಜರ್ಮನ್ ಸೈನಿಕರ ದುಡಿಮೆಯನ್ನೂ ಬಳಸಿ ಹಾಕಿದ ದಾರಿಯಿದು. ಇದರ ಎರಡೂ ಬದಿಯ 85 ಎಕರೆ ನೆಲವನ್ನು ಒಂದೇ ಸಂಸ್ಥೆ ಕೊಂಡು, ಇಪ್ಪತ್ತು ವರ್ಷಗಳಿಂದ ಮನೆ, ಅಂಗಡಿ, ಸಿನಿಮಾ ಮಂದಿರ, ನಾಟಕಶಾಲೆ, ಉದ್ಯಾನಗಳಿಂದ ತುಂಬಿಸುತ್ತ ಬಂದಿದೆ. ದೂರದರ್ಶನದ ಕಾರ್ಯಕ್ರಮಗಳನ್ನು ಚಿತ್ರೀಕರಿಸುತ್ತಿದ್ದ ಹಳೆಯ ಸ್ಟುಡಿಯೋ 2016ರಲ್ಲಿ ಮುಚ್ಚಿದಾಗ ಅದನ್ನು ಕೆಡವದೆ ನಾಟಕಶಾಲೆಯಾಗಿ ಮಾಡಿಕೊಂಡದ್ದು ನನಗೆ ಬಹಳ ಹಿಡಿಸಿದ ಕೆಲಸ. ಮನೆಗಳ ವಿಷಯದಲ್ಲಿ ಅಷ್ಟು ಸಲೀಸಾಗಿ ಹಾಗೆ ಹೇಳಲಾರೆ. ಬಾಡಿಗೆಗೆಂದೇ ಕಟ್ಟಿದ ಈ ಎತ್ತರದ ಕಟ್ಟಡಗಳಲ್ಲಿ ಒಂದು ಕೋಣೆಯ ಮನೆ ಹಿಡಿಯುವುದೂ, ಪಕ್ಕದ ಈಲಿಂಗ್ ರಸ್ತೆಯ ತರಕಾರಿ ಅಂಗಡಿಯಲ್ಲಿ ದುಡಿಯುವ ನನ್ನ ಪರಿಚಯದ ಹೆಂಗಸಿನಂಥವರಿಗೆ ಆಗದ ಮಾತು. ಆಕೆ ಇಲ್ಲಿಗೆ ಬರುವುದು ಮಕ್ಕಳನ್ನು ಆಡಿಸುವುದಕ್ಕೆ ಮಾತ್ರ.

ಆ ಮಕ್ಕಳು ಆಡುವ ಜಾಗವನ್ನೇ ಅಪ್ಪನಿಗೆ ಮೊದಲು ತೋರಿಸಿದೆ. 1934ರಲ್ಲಿ ಈಜುಕೊಳವಾಗಿ ಕಟ್ಟಿದ, 1948ರ ಒಲಿಂಪಿಕ್ಸ್‌ನ ಈಜು ಸ್ಪರ್ಧೆಗಳು ನಡೆದ, ಈಗ ಸಂಗೀತ ಸಭೆಗಳ ಒಳಾಂಗಣವಾಗಿರುವ ದೊಡ್ಡ ಕಾಂಕ್ರೀಟ್ ಕಟ್ಟಡದ ಮುಂದೆ ಒಂದು ಚೌಕವಿದೆ. 2006ರಲ್ಲಿ ದುರಸ್ತಿ ಮಾಡುವಾಗ ಕಟ್ಟಡದ ಮುಖ್ಯದ್ವಾರವನ್ನೇ ಈ ಕಡೆಗೆ ತಿರುಗಿಸಿ, ಚೌಕದ ನೆಲದಿಂದ ನೇರವಾಗಿ ಚಿಮ್ಮುವ ಕಾರಂಜಿಗಳನ್ನು ಇಟ್ಟರು. ಕಟಕಟೆಯಿಲ್ಲ, ತೊಟ್ಟಿಯಿಲ್ಲ, ನೀರು ಕಲ್ಲಿನ ಸಂದಿನಿಂದ ಎದ್ದು ಕಲ್ಲಿನ ಸಂದಿಗೇ ಇಂಗುತ್ತದೆ. ಮಗ ಬೂಟು ಬಿಚ್ಚಿ ಓಡಿದ. ಅಲ್ಲಿ ಆಗಲೇ ಇಪ್ಪತ್ತು ಮಕ್ಕಳಾದರೂ ಇದ್ದರು. ಒಂದು ಮಗು ಕಾರಂಜಿಯ ಬಾಯಿಗೆ ಅಂಗೈ ಒತ್ತಿ ಹಿಡಿದು, ನೀರು ಬೆರಳಸಂದಿಯಿಂದ ಮುಖಕ್ಕೆ ಹಾರಿದಾಗಲೆಲ್ಲ ಕೇಕೆ ಹಾಕುತ್ತಿತ್ತು. ತಾಯಂದಿರು ಟವೆಲು, ಡಬ್ಬಿಯ ಊಟ ಹಿಡಿದು ಬಂದಿದ್ದರು. ಅಂದರೆ ಇದು ಅಚಾನಕ್ಕಾಗಿ ಬಂದವರ ಆಟವಲ್ಲ, ದಿನದ ಲೆಕ್ಕದಲ್ಲಿ ಇಟ್ಟುಕೊಂಡ ಆಟ. ಅಪ್ಪ ಬಗ್ಗಿ ನೀರು ಇಂಗುವ ಇಳಿಜಾರನ್ನು ನೋಡಿದರು. “ಎಲ್ಲೂ ನಿಲ್ಲಲ್ಲ ನೋಡು” ಎಂದರು.

ಪಕ್ಕದಲ್ಲೇ ಬ್ರೆಂಟ್ ನಗರಾಡಳಿತದ ಕಚೇರಿ. 2013ರಲ್ಲಿ ತೆರೆದ ಆ ಕಟ್ಟಡದೊಳಗೆ ಸಾರ್ವಜನಿಕ ಗ್ರಂಥಾಲಯವಿದೆ. ಒದ್ದೆಯಾದ ಮಗನಿಗೆ ಬೇರೆ ಅಂಗಿ ತೊಡಿಸಿ ಒಳಗೆ ಹೋದೆವು. ಪರೀಕ್ಷೆಗೆ ಓದುವ ಹುಡುಗರು, ಪತ್ರಿಕೆ ಹಿಡಿದ ಹಿರಿಯರು, ನೆಲದ ಮೇಲೆ ಕೂತು ಚಿತ್ರದ ಪುಸ್ತಕ ಮಗುಚುವ ಪುಟಾಣಿಗಳು. ಅಪ್ಪ ಕಿಟಕಿಯ ಬಳಿ ಕುರ್ಚಿ ಹಿಡಿದು ಅರ್ಧ ಗಂಟೆ ಎದ್ದೇಳಲಿಲ್ಲ. ಮ್ಯಾಚಿನ ದಿನ 90,000 ಜನ ಸೇರುವ ಜಾಗದಿಂದ ಕೂಗಳತೆಯಲ್ಲಿ, ಟಿಕೆಟ್ ಕೇಳದೆ ಕೂರಲು ಕೊಡುವ ಒಂದು ಕುರ್ಚಿ. ಅವರು ಬೆಳಿಗ್ಗೆ ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇದೇ ಎಂದು ನಾನು ಹೇಳಬೇಕಾಗಲಿಲ್ಲ. ಮನರಂಜನೆಯ ವಲಯ ಎಂಬ ಹೆಸರಿನಲ್ಲಿ ಅಂಗಡಿ, ಹೋಟೆಲು ಎಲ್ಲಿಯಾದರೂ ಕಟ್ಟಬಹುದು; ಕಾಸು ಬಿಚ್ಚದವರಿಗೂ ಅಲ್ಲಿ ಇಡೀ ದಿನ ಕಳೆಯುವ ಹಕ್ಕಿದೆಯೇ ಎಂಬುದನ್ನೇ ನಾನು ಮೊದಲು ನೋಡುವುದು.

ಮಧ್ಯಾಹ್ನದ ಹೊತ್ತಿಗೆ ಕ್ರೀಡಾಂಗಣದ ಬುಡಕ್ಕೆ ಬಂದೆವು. 1970ರ ದಶಕದ ಕಾಂಕ್ರೀಟಿನ ಇಳಿಜಾರು ಸೇತುವೆಯೊಂದು ಇಲ್ಲಿತ್ತು. ಅದನ್ನು ತೆಗೆದು ಈಗ ವಿಶಾಲವಾದ ಮೆಟ್ಟಿಲುಗಳನ್ನು ಕಟ್ಟಿದ್ದಾರೆ. ಅಪ್ಪ ಮೆಟ್ಟಿಲಿನ ಅಗಲವನ್ನು ಗೇಣಿನಿಂದ ಅಳೆದರು. ಗುಂಪಿನಲ್ಲಿ ಇಳಿಯುವವನಿಗೆ ಹೆಜ್ಜೆ ತಪ್ಪದಿರಬೇಕಾದರೆ ಅಗಲ ಎಷ್ಟಿರಬೇಕು, ನಡುವೆ ಹಿಡಿಗಂಬಿ ಎಲ್ಲೆಲ್ಲಿ ಬರಬೇಕು ಎಂದು ಮೊಮ್ಮಗನಿಗೆ ವಿವರಿಸಿದರು. ಮೇಲೆ ಹತ್ತಿ ನಿಂತ ಮೇಲೆ ನಾನು, ಇಷ್ಟು ಹೊತ್ತು ಉಳಿಸಿಕೊಂಡಿದ್ದ ಮಾತನ್ನು ಹೇಳಿದೆ.

“ಅಪ್ಪಾ, ನಲವತ್ತೆಂಟರ ಹಾಕಿ ಫೈನಲ್ ಆಡಿದ್ದು ಇಲ್ಲೇ.”

ಅವರು ತಟ್ಟನೆ ತಿರುಗಿದರು. 1948ರ ಆಗಸ್ಟ್ 12ರಂದು, ಸ್ವಾತಂತ್ರ್ಯ ಬಂದು ವರ್ಷ ತುಂಬಲು ಮೂರು ದಿನ ಇರುವಾಗ, ಕಿಶನ್ ಲಾಲ್ ನಾಯಕತ್ವದ ಭಾರತ ತಂಡ ಬ್ರಿಟನ್ನನ್ನು 4–0ಯಿಂದ ಸೋಲಿಸಿ ಚಿನ್ನ ಗೆದ್ದದ್ದು ವೆಂಬ್ಲಿಯ ಹಳೆಯ ಕ್ರೀಡಾಂಗಣದಲ್ಲಿ. ಅಪ್ಪ ಹುಟ್ಟಿದ್ದು ಅದರ ಮರುವರ್ಷ. ತಾತ ಆ ಸುದ್ದಿಯನ್ನು ವರ್ಷಗಟ್ಟಲೆ ಹೇಳಿದ್ದರಿಂದ ಬಲ್‌ಬೀರ್ ಸಿಂಗರ ಎರಡು ಗೋಲುಗಳನ್ನು ತಾವೇ ಕಂಡವರಂತೆ ಅವರು ಮಾತಾಡುತ್ತಾರೆ. “ಈ ನೆಲದ ಮೇಲೇನಾ?” ಎಂದು ಕೇಳಿದರು. ಈಗಿನ ಆಟದ ಅಂಗಳ ಹಳೆಯದಕ್ಕಿಂತ ಸುಮಾರು ನಾಲ್ಕು ಮೀಟರ್ ಕೆಳಗಿದೆಯೆಂದೂ, ಅದನ್ನು ಅಗೆಯುವಾಗ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಎಡ್ವರ್ಡ್ ವಾಟ್ಕಿನ್ ಎಂಬ ರೈಲ್ವೆ ಧಣಿ ಐಫೆಲ್ ಗೋಪುರವನ್ನು ಮೀರಿಸಬೇಕೆಂದು ಆರಂಭಿಸಿ ಅರ್ಧಕ್ಕೇ ನಿಂತುಹೋದ ಗೋಪುರದ ತಳಪಾಯ ಸಿಕ್ಕಿತೆಂದೂ ಹೇಳಿದೆ. “ಹಾಗಾದ್ರೆ ಆ ನೆಲ ಈಗ ಗಾಳಿಯಲ್ಲಿದೆ” ಎಂದು, ನಮ್ಮ ಮುಂದಿನ ಗಾಜಿನ ಗೋಡೆಯನ್ನು ನೋಡುತ್ತ ಬಹಳ ಹೊತ್ತು ನಿಂತರು. ಇಲ್ಲಿ ಆ ಗೆಲುವನ್ನು ನೆನಪಿಸುವ ಗುರುತನ್ನು ಅವರ ಕಣ್ಣು ಹುಡುಕುತ್ತಿತ್ತು. 1966ರಲ್ಲಿ ಇಂಗ್ಲೆಂಡಿಗೆ ಫುಟ್‌ಬಾಲ್ ವಿಶ್ವಕಪ್ ಗೆದ್ದುಕೊಟ್ಟ ನಾಯಕ ಬಾಬಿ ಮೂರ್ ಅವರ ಕಂಚಿನ ಪ್ರತಿಮೆ ನಮ್ಮ ಮೇಲಿಂದ ದೂರಕ್ಕೆ ನೋಡುತ್ತಿತ್ತು.

ಶನಿವಾರ ಓಯಸಿಸ್ ತಂಡದ ಸಂಗೀತ ಕಾರ್ಯಕ್ರಮವಿತ್ತು. ಜನರನ್ನು ಹೊರಗೆ ಬಿಡುವುದು ಹೇಗೆಂದು ನೋಡಲೇಬೇಕೆಂದು ಅಪ್ಪ ಹಟ ಹಿಡಿದರು. ರಾತ್ರಿ ಹತ್ತರ ಸುಮಾರಿಗೆ ನಡೆದೇ ಹೋದೆವು. ಕಾರ್ಯಕ್ರಮದ ದಿನ ಮಧ್ಯರಾತ್ರಿಯವರೆಗೆ ನಮ್ಮ ಬೀದಿಗಳಲ್ಲಿ ಪರವಾನಗಿಯಿಲ್ಲದೆ ಕಾರು ನಿಲ್ಲಿಸುವಂತಿಲ್ಲ, ಬಸ್ಸುಗಳು ದಾರಿ ಬದಲಿಸುತ್ತವೆ, ಮನೆಗೆ ನೆಂಟರು ಬರುವುದಕ್ಕೂ ಕ್ಯಾಲೆಂಡರ್ ನೋಡಬೇಕು. ಇಲ್ಲಿ ಬದುಕುವವರು ತೆರುವ ಈ ಬೆಲೆ ಹೊರಗಿನವರಿಗೆ ತಿಳಿಯುವುದಿಲ್ಲ. ಕಾಲ್ದಾರಿಯ ಬದಿಯಲ್ಲಿ ನಿಂತಿದ್ದಂತೆ, ಬಟ್ಟೆಯ ಟೋಪಿ ತೊಟ್ಟ ಜನ ಹಾಡುತ್ತ ಹೊಳೆಯಂತೆ ಬಂದರು. ಸ್ಟೇಷನ್ನಿಗೆ ಸ್ವಲ್ಪ ಮೊದಲೇ ಕುದುರೆ ಪೊಲೀಸರೂ, ಉದ್ದ ಕೋಲಿನ ಫಲಕ ಹಿಡಿದವರೂ ನಿಂತಿದ್ದರು. ಫಲಕದ ಒಂದು ಮುಖ ‘ನಿಲ್ಲಿ’, ಇನ್ನೊಂದು ‘ಹೋಗಿ’. ಒಂದು ಗುಂಪು ಮೆಟ್ಟಿಲು ಹತ್ತಿ ರೈಲು ಸೇರುವವರೆಗೆ ಮುಂದಿನ ಗುಂಪು ಅಲ್ಲಿಯೇ ಹಾಡುತ್ತ ಕಾಯುತ್ತದೆ. ಇಷ್ಟೇ. ಹೆಚ್ಚಿನ ಯಂತ್ರವೇನೂ ಇಲ್ಲ. ಇರುವುದು ಅಗಲವಾದ, ಮುಚ್ಚಿಡದ ದಾರಿ, ಮೂರು ಬೇರೆ ಬೇರೆ ಸ್ಟೇಷನ್ನುಗಳು ಮತ್ತು ಕಾಯಿಸುವ ಶಿಸ್ತು.

ಈ ಶಿಸ್ತು ಪುಕ್ಕಟೆ ಬಂದದ್ದಲ್ಲವೆಂದು ಅಪ್ಪನಿಗೆ ಹೇಳಿದೆ. 1923ರ ಏಪ್ರಿಲ್ 28ರಂದು ಇಲ್ಲಿ ನಡೆದ ಮೊದಲ ಎಫ್‌ಎ ಕಪ್ ಫುಟ್‌ಬಾಲ್ ಫೈನಲ್‌ಗೆ ಅಧಿಕೃತ ಲೆಕ್ಕದಲ್ಲೇ 1,26,047 ಜನ ಬಂದಿದ್ದರು. ನಿಜವಾಗಿ ಎರಡು ಲಕ್ಷ ದಾಟಿತ್ತೆಂದು ಅಂದಾಜು. ಜನ ಅಂಗಳಕ್ಕೇ ಇಳಿದರು, ಬಿಳಿಯ ಕುದುರೆಯೇರಿದ ಪೊಲೀಸನೊಬ್ಬ ಅವರನ್ನು ಹಿಂದಕ್ಕೆ ಸರಿಸಿದ ಚಿತ್ರ ಪ್ರಸಿದ್ಧವಾಯಿತು. ಹತ್ತಿರದ ಕಾಲುಸೇತುವೆಯೊಂದಕ್ಕೆ ಆ ಕುದುರೆಯ ಹೆಸರೇ ಇದೆ. ಇತ್ತೀಚೆಗೆ, 2021ರ ಜುಲೈ 11ರ ಯೂರೋ ಫುಟ್‌ಬಾಲ್ ಫೈನಲ್ ದಿನವೂ ಟಿಕೆಟ್ ಇಲ್ಲದ ಸುಮಾರು ಎರಡು ಸಾವಿರ ಮಂದಿ ಒಳನುಗ್ಗಿ, ದೊಡ್ಡ ಅನಾಹುತ ಕೂದಲೆಳೆಯಲ್ಲಿ ತಪ್ಪಿತು. ಅಪ್ಪ ಎಲ್ಲವನ್ನೂ ಕೇಳಿಸಿಕೊಂಡು, “ನಮ್ಮಲ್ಲಿ ಅವತ್ತು ಆ ಮಕ್ಕಳಿಗೆ ನಿಲ್ಲಿ ಅಂತ ಹೇಳೋರು ಯಾರೂ ಇರಲಿಲ್ವಲ್ಲಮ್ಮ” ಎಂದರು. ಅವರ ದನಿ ನಡುಗಿತು. ನಾನು ಅವರ ತೋಳು ಹಿಡಿದುಕೊಂಡೆ.

ಭಾನುವಾರ ಕಾರಿನಲ್ಲಿ ನಾರ್ತೋಲ್ಟ್‌ಗೆ ಹೋದೆವು. ಹೆದ್ದಾರಿಯ ಪಕ್ಕದಲ್ಲಿ ಅಲ್ಲಿ ಸಾಲಾಗಿ ನಾಲ್ಕು ಹಸಿರು ಗುಡ್ಡಗಳಿವೆ. ನಾಲ್ಕೂ ಮನುಷ್ಯರು ಮಾಡಿದವು. ಕೆಡವಿದ ವೆಂಬ್ಲಿಯ ಅವಶೇಷವನ್ನೂ, ಬೇರೆ ಕಾಮಗಾರಿಗಳ ಮಣ್ಣು ಕಲ್ಲನ್ನೂ ಲಾರಿಗಟ್ಟಲೆ ತಂದು ಸುರಿಸಿಕೊಂಡು, ಸುರಿದವರಿಂದ ಪಡೆದ ಶುಲ್ಕದಲ್ಲೇ ಅಲ್ಲಿಯ ನಗರಾಡಳಿತ ಉದ್ಯಾನವನ್ನು ಕಟ್ಟಿ 2008ರಲ್ಲಿ ತೆರೆಯಿತು. ಎತ್ತರದ ಗುಡ್ಡಕ್ಕೆ ಸುತ್ತುದಾರಿಯಿದೆ. ಮಗ ಮುಂದೆ ಓಡಿದ. ಅಪ್ಪ ಅರ್ಧ ದಾರಿಯಲ್ಲಿ ನಿಂತು, ಬದಿಗೆ ತಂತಿಬಲೆಯಲ್ಲಿ ತುಂಬಿಟ್ಟ ಕಾಂಕ್ರೀಟ್ ತುಂಡುಗಳಲ್ಲಿ ಒಂದರ ಮೇಲೆ ಬೆರಳಿಟ್ಟರು.

“ನುಣುಪಾದ ನದೀ ಜಲ್ಲಿ ನೋಡು. ನಮ್ಮಲ್ಲಾದ್ರೆ ಒಡೆದ ಜಲ್ಲಿ. ಇದರಲ್ಲಿ ವೆಂಬ್ಲಿದು ಯಾವುದು?”

“ಗೊತ್ತಾಗಲ್ಲಪ್ಪ, ಎಲ್ಲ ಕಲಸಿಹೋಗಿದೆ.”

ಅವರು ತಲೆಯಾಡಿಸಿ, ಬೆರಳು ತೆಗೆಯದೆ, ಪೂರ್ವಕ್ಕೆ ತಿರುಗಿ ಮನೆಗಳ ಮೇಲಿಂದ ಎದ್ದು ಕಾಣುವ ಕಮಾನನ್ನು ನೋಡುತ್ತ ನಿಂತರು. ತುದಿಯಿಂದ ಮೊಮ್ಮಗ “ತಾತಾ, ಬನ್ನಿ” ಎಂದು ಎರಡನೆಯ ಸಲ ಕೂಗಿದ ಮೇಲೆ, ನನ್ನ ಭುಜಕ್ಕೆ ಕೈಯೂರಿ ಮತ್ತೆ ಹತ್ತತೊಡಗಿದರು.