ಜೀಬ್ರಾಕ್ಕೆ ಗಾಡಿ ನಿಲ್ಲಿಸುವವರು ಯಾರು?

ಉತ್ತರ ಕೀನ್ಯಾದ ಸಂಬುರು ಸೀಮೆಯಲ್ಲಿ ಗ್ರೆವಿ ಜೀಬ್ರಾಗಳ ಬಲ ಮಗ್ಗುಲಿನ ಫೋಟೋ ತೆಗೆಯುವುದು ನನ್ನ ಕೆಲಸ. ಎಡ ಮಗ್ಗುಲು ಬೇಡ. ಒಂದೇ ಪ್ರಾಣಿಯ ಎರಡು ಬದಿಯ ಪಟ್ಟೆಗಳು ಬೇರೆ ಬೇರೆಯಾಗಿರುವುದರಿಂದ, ಎಲ್ಲರೂ ಒಂದೇ ಬದಿಯನ್ನು ಹಿಡಿದರೆ ಮಾತ್ರ ಚಿತ್ರಗಳನ್ನು ತಾಳೆ ನೋಡಿ ಇದು ಇಂಥದ್ದೇ ಎಂದು ಹೇಳಬಹುದು. 2016ರಿಂದ ಕೀನ್ಯಾದಲ್ಲಿ ಸಾರ್ವಜನಿಕರನ್ನೂ ಸೇರಿಸಿಕೊಂಡು ನಡೆಸುವ ಎಣಿಕೆಯೂ ಹೀಗೆಯೇ. 1970ರ ದಶಕದಲ್ಲಿ ಹದಿನೈದು ಸಾವಿರದಷ್ಟಿದ್ದ ಪ್ರಾಣಿ ಇದು. ಚರ್ಮದಾಸೆಗೆ ಗುಂಡು ತಿಂದು, ಆಮೇಲೆ ಮೇವು ನೀರಿಗೆ ದನ ಮೇಕೆಗಳೊಂದಿಗೆ ಪೈಪೋಟಿಗೆ ಬಿದ್ದು, ಈಗ ಮೂರು ಸಾವಿರಕ್ಕೂ ಕಡಿಮೆ ಉಳಿದಿದೆ. ಅವುಗಳಲ್ಲಿ ಬಹುಪಾಲು ಕೀನ್ಯಾದಲ್ಲೇ. ಹಾಗಾಗಿ ಒಂದೊಂದಕ್ಕೂ ಕಡತದಲ್ಲಿ ಒಂದು ಸಂಖ್ಯೆ, ಒಂದು ಚರಿತ್ರೆ.

ಆಗಸ್ಟ್ ಕೊನೆಗೆ ರಜೆ ಸಿಕ್ಕಿತು. ಕಾಡಿನಲ್ಲಿ ಕೆಲಸ ಮಾಡುವವರು ರಜೆಗೂ ಕಾಡಿಗೇ ಹೋಗುವುದೇಕೆ ಎಂದು ಮನೆಯವರು ಫೋನಿನಲ್ಲಿ ಕೇಳಿದರು. ಸರಿಯಾದ ಉತ್ತರ ನನ್ನಲ್ಲಿರಲಿಲ್ಲ. ನಮ್ಮ ಸಂಶೋಧನಾ ಶಿಬಿರದ ಇನ್ನಿಬ್ಬರ ಜತೆ ದಕ್ಷಿಣ ಕೀನ್ಯಾದ ವನ್ಯಧಾಮ ಮಸಾಯಿ ಮಾರಾಕ್ಕೆ ಹೊರಟೆ. ಒಬ್ಬಳು ಹಕ್ಕಿಗಳ ಅಧ್ಯಯನ ಮಾಡುವವಳು, ಇನ್ನೊಬ್ಬ ಗೆದ್ದಲಿನವನು.

ಆರ್ಚರ್ಸ್ ಪೋಸ್ಟ್‌ನಿಂದ ಇಸಿಯೊಲೊ ದಾಟಿ ಮೇಲೇರುತ್ತಿದ್ದಂತೆ ಕೆಂಧೂಳು, ಜಾಲಿ ಮುಳ್ಳು ಹಿಂದೆ ಉಳಿದು ಗೋಧಿ ಹೊಲಗಳು ಎದುರಾಗುತ್ತವೆ. 5,199 ಮೀಟರ್ ಎತ್ತರದ ಮೌಂಟ್ ಕೀನ್ಯಾ ಮೋಡದೊಳಗಿತ್ತು. ನಾನ್ಯುಕಿಯಲ್ಲಿ ಭೂಮಧ್ಯರೇಖೆಯ ಫಲಕದ ಹತ್ತಿರ ಒಬ್ಬ ತೂತಿನ ಬೋಗುಣಿಗೆ ನೀರು ಸುರಿದು, ರೇಖೆಯ ಈಚೆ ಒಂದು ದಿಕ್ಕಿಗೆ, ಆಚೆ ಇನ್ನೊಂದು ದಿಕ್ಕಿಗೆ ಸುಳಿ ತಿರುಗುವುದನ್ನು ತೋರಿಸುತ್ತಿದ್ದ. ಅಷ್ಟು ಸಣ್ಣ ಪಾತ್ರೆಯಲ್ಲಿ ಭೂಮಿಯ ತಿರುಗುವಿಕೆಯ ಪ್ರಭಾವ ಕಾಣುವುದಿಲ್ಲ. ಸುಳಿ ಹುಟ್ಟುವುದು ನೀರು ಸುರಿಯುವ ಕೈಚಳಕದಿಂದ. ಮೂವರು ಸಂಶೋಧಕರೂ ಅದು ಗೊತ್ತಿದ್ದೇ ಕಾಸು ಕೊಟ್ಟು ನೋಡಿದೆವು. ಕೈಚಳಕ ಚೆನ್ನಾಗಿತ್ತು.

ನೈರೋಬಿಯ ವಾಹನ ದಟ್ಟಣೆಯ ಬಗ್ಗೆ ಬರೆಯುವಂಥದ್ದೇನಿಲ್ಲ. ಅದರಾಚೆ ರಿಫ್ಟ್ ಕಣಿವೆಯ ಅಂಚಿನಲ್ಲಿ ನಿಂತಾಗ ಕೆಳಗೆ ನೆಲವೇ ಕುಸಿದುಹೋದಂತೆ ಬಯಲು ಹರಡಿತ್ತು, ಲಾಂಗೊನಾಟ್ ಜ್ವಾಲಾಮುಖಿಯ ಮೊಂಡು ತಲೆ ಬಿಸಿಲಿಗೆ ಬೂದಿಯಾಗಿ ಕಾಣುತ್ತಿತ್ತು. ನಾರೋಕ್ ದಾಟಿ ಸೆಕೆನಾನಿ ದ್ವಾರ ಮುಟ್ಟುವಾಗ ಸಂಜೆಯಾಗಿತ್ತು.

ಮರುದಿನ ಬೆಳಿಗ್ಗೆ ನಮ್ಮ ಚಾಲಕನಿಗೆ ನಾವೆಂಥ ಗಿರಾಕಿಗಳೆಂದು ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅವನು ರೇಡಿಯೋದಲ್ಲಿ ಸಿಂಹದ ಸುಳಿವು ಹಿಡಿದು ಓಡಿಸುತ್ತಿದ್ದರೆ ಗೆದ್ದಲಿನವನು ಹುತ್ತ ಕಂಡಲ್ಲೆಲ್ಲ ನಿಲ್ಲಿಸು ಎನ್ನುತ್ತಿದ್ದ. ಹುತ್ತದ ಮೇಲೆ ಟೋಪಿ ಜಾತಿಯ ಜಿಂಕೆಯೊಂದು ಕಾವಲಿಗೆ ನಿಂತಿದ್ದಾಗ ಮಾತ್ರ ಇಬ್ಬರಿಗೂ ಸಮಾಧಾನ. ನಾನು ಜೀಬ್ರಾಕ್ಕೆ ನಿಲ್ಲಿಸಲು ಹೇಳಿದಾಗ ಅವನು ತಿರುಗಿ ನೋಡಿದ. ಜೀಬ್ರಾಕ್ಕೆ ಯಾರೂ ಗಾಡಿ ನಿಲ್ಲಿಸುವುದಿಲ್ಲವಂತೆ. ನಿಲ್ಲಿಸಿದರೆ ಮುಂದೆ ಹೋಗುವುದೇ ಇಲ್ಲವಂತೆ.

ಅವನು ಹೇಳಿದ್ದು ನಿಜ. ತಾಂಜಾನಿಯಾದ ಸೆರೆಂಗೆಟಿ ಮತ್ತು ಮಾರಾ ನಡುವೆ ವರ್ಷವಿಡೀ ಸುತ್ತುವ ಹಿಂಡುಗಳಲ್ಲಿ ವೈಲ್ಡಬೀಸ್ಟ್ ಎಂಬ ದನದಂಥ ದೊಡ್ಡ ಹುಲ್ಲೆಗಳು ಹದಿಮೂರು ಲಕ್ಷದಷ್ಟಾದರೆ, ಬಯಲು ಜೀಬ್ರಾಗಳೂ ಲಕ್ಷಗಟ್ಟಲೆ. ಅಗಲ ಪಟ್ಟೆ, ಪಟ್ಟೆ ಸುತ್ತಿಕೊಂಡ ಹೊಟ್ಟೆ, ಸಣ್ಣ ಕಿವಿ. ನಮ್ಮ ಗ್ರೆವಿಯದು ತೆಳು ಗೆರೆ, ಬಿಳಿ ಹೊಟ್ಟೆ, ದುಂಡನೆಯ ದೊಡ್ಡ ಕಿವಿ. ಸ್ವಭಾವವೂ ಬೇರೆ. ಬಯಲು ಜೀಬ್ರಾದ್ದು ಒಂದು ಗಂಡು, ಕೆಲವು ಹೆಣ್ಣು, ಮರಿಗಳ ಗಟ್ಟಿ ಸಂಸಾರ. ಗ್ರೆವಿಯ ಗಂಡು ನೀರಿನ ಹತ್ತಿರ ಜಾಗ ಹಿಡಿದು ಒಂಟಿಯಾಗಿ ಕಾಯುತ್ತದೆ, ಹೆಣ್ಣುಗಳು ಬಂದು ಹೋಗುತ್ತವೆ.

ಪ್ರವಾಸಿ ಕಥೆಗಳಲ್ಲಿ ವಲಸೆ ಎಂದರೆ ವೈಲ್ಡಬೀಸ್ಟ್. ಆದರೆ ದಾರಿ ಬಿಡಿಸಿಕೊಡುವವು ಜೀಬ್ರಾಗಳು ಎಂಬ ಮಾತನ್ನು ಪಕ್ಷಪಾತದಿಂದಲೇ ಹೇಳುತ್ತೇನೆ, ಆದರೆ ಸುಳ್ಳು ಹೇಳುತ್ತಿಲ್ಲ. ಎತ್ತರದ ಒರಟು ಹುಲ್ಲನ್ನು ಮೊದಲು ಮೇಯುವುದು ಅವೇ. ಮೆಲುಕು ಹಾಕದ ಪ್ರಾಣಿಯಾದ್ದರಿಂದ ಕಳಪೆ ಮೇವನ್ನೂ ಬೇಗ ಬೇಗ ಹೊಟ್ಟೆಯಿಂದ ದಾಟಿಸಿ ಬದುಕಬಲ್ಲದು. ಕಡ್ಡಿ ಕಡಿಮೆಯಾದ ಮೇಲೆ ಎಲೆ ಹೆಚ್ಚಿರುವ ಗಿಡ್ಡ ಹುಲ್ಲು ವೈಲ್ಡಬೀಸ್ಟ್‌ಗೆ, ಅದರ ಹಿಂದೆ ಚಿಗುರು ಥಾಮ್ಸನ್ ಗೆಜೆಲ್ ಎಂಬ ಸಣ್ಣ ಹುಲ್ಲೆಗೆ. ಆ ಬಯಲಿನಲ್ಲಿ ನಿಂತರೆ ಮೂರು ಎತ್ತರದ ಹುಲ್ಲು, ಮೂರು ಬಗೆಯ ಬಾಯಿ ಕಣ್ಣಿಗೇ ಕಾಣುತ್ತವೆ.

ಮಾರಾ ನದಿಯ ದಡದಲ್ಲಿ ಗಾಡಿಗಳು ಜಾತ್ರೆಯ ಹಾಗೆ ಸೇರಿದ್ದವು. ಎದುರು ದಡದ ಹಿಂಡು ನೀರಿನವರೆಗೆ ಬಂದು, ಬೆದರಿ, ಹಿಂದೆ ಓಡಿ, ಮತ್ತೆ ಬರುತ್ತಿತ್ತು. ಕೊನೆಗೆ ದಾಟತೊಡಗಿದಾಗ ಎಲ್ಲರ ಕ್ಯಾಮೆರಾ ಮೊಸಳೆಯತ್ತ. ನನಗೆ ಕಂಡದ್ದು ಈಚೆ ದಡ ಹತ್ತಿ ಮುಂದೆ ಹೋಗದೆ ತಿರುಗಿ ನಿಂತ ಒಂದು ಗಂಡು ಜೀಬ್ರಾ. ನೂಕುನುಗ್ಗಲಿನಲ್ಲಿ ಚದುರಿದ ತನ್ನವರನ್ನು ಅದು ಕೂಗಿ ಕರೆಯುತ್ತಿತ್ತು, ನಾಯಿ ಬೊಗಳುವುದಕ್ಕೂ ಕತ್ತೆ ಅರಚುವುದಕ್ಕೂ ನಡುವಿನ ದನಿ. ಒಂದು ಹೆಣ್ಣು ಬಂತು, ಕಂದು ಪಟ್ಟೆಯ ಮರಿಯೂ ಬಂತು. ಅದು ಕರೆಯುವುದನ್ನು ನಿಲ್ಲಿಸಲಿಲ್ಲ. ಇನ್ನೂ ಯಾರೋ ಬರಬೇಕಿತ್ತು. ಅಷ್ಟರಲ್ಲಿ ರೇಡಿಯೋ ಗೊರಗುಟ್ಟಿತು, ಚಾಲಕ ಗಾಡಿ ತಿರುಗಿಸಿದ.

ಸಿಂಹಗಳು ಮರದಡಿ ಹೊಟ್ಟೆ ಮೇಲೆ ಮಾಡಿ ಮಲಗಿದ್ದವು. ಸುತ್ತ ಇದ್ದ ಗಾಡಿಗಳಲ್ಲಿ ಯಾರೂ ಉಸಿರೆತ್ತುತ್ತಿರಲಿಲ್ಲ. ನಾನೂ ನೋಡಿದೆ, ಖುಷಿಯೂ ಆಯಿತು. ಆದರೆ ಅರ್ಧ ಗಂಟೆ ಮಲಗಿದ್ದನ್ನು ನೋಡುವ ತಾಳ್ಮೆಯ ಕಾಲು ಭಾಗವನ್ನು ಆ ಗಂಡು ಜೀಬ್ರಾಕ್ಕೆ ಕೊಡಬಹುದಿತ್ತು ಎಂಬ ಕಸಿವಿಸಿ ಮಾತ್ರ ಹೋಗಲಿಲ್ಲ.

ಶಿಬಿರಕ್ಕೆ ಮರಳಿ ರಜೆಯ ಫೋಟೋಗಳನ್ನು ತೋರಿಸಿದಾಗ ಎಲ್ಲರೂ ನಕ್ಕರು. ಮಾರಾದ ಜೀಬ್ರಾಗಳೆಲ್ಲ ಬಲಕ್ಕೆ ಮುಖ ಮಾಡಿದ್ದವು. ಅಭ್ಯಾಸದ ಕೈ ತಾನಾಗಿ ಹಾಗೆ ತೆಗೆದಿತ್ತು.

ನಗು ಮುಗಿಯುವ ಮೊದಲೇ ಕೆಲಸ ಕಾದಿತ್ತು. ಎವಾಸೊ ನ್ಯೀರೊ ನದಿಗೆ ಸೇರುವ ಒಣ ಹಳ್ಳವೊಂದರಲ್ಲಿ ದನಗಾಹಿಗಳು ಮರಳು ತೋಡಿ ಬಾವಿ ಮಾಡಿಕೊಂಡಿದ್ದಾರೆ. ಅಲ್ಲಿ ಕಟ್ಟಿದ್ದ ಸ್ವಯಂಚಾಲಿತ ಕ್ಯಾಮೆರಾದ ಚಿತ್ರಗಳನ್ನು ವಿಂಗಡಿಸುತ್ತಾ ಕುಳಿತೆ. ಹಗಲೆಲ್ಲ ಮೇಕೆ, ಒಂಟೆ, ಮಕ್ಕಳು. ಗ್ರೆವಿಗಳು ಬರುವುದು ಕತ್ತಲಾದ ಮೇಲೆ. ಬೇರೆ ಗ್ರೆವಿಗಳು ನೀರಿಲ್ಲದೆ ಕೆಲವು ದಿನ ತಳ್ಳಬಲ್ಲವು, ಹಾಲೂಡಿಸುವ ತಾಯಿಗೆ ಮಾತ್ರ ಹೆಚ್ಚುಕಡಿಮೆ ದಿನವೂ ನೀರು ಬೇಕು. ಒಂದು ಚೌಕಟ್ಟಿನಲ್ಲಿ ನಡುರಾತ್ರಿಯ ತಾಯಿ ಮತ್ತು ಮರಿ, ಮುಂದಿನದರಲ್ಲಿ ಬರೀ ಮರಳು, ಅದರ ಮುಂದಿನದರಲ್ಲಿ ಕತ್ತೆಕಿರುಬ.

ಆ ಚಿತ್ರಗಳನ್ನು ಬಾವಿಯ ಹಿರಿಯರಿಗೆ ತೋರಿಸಿದೆವು. ಸೂರ್ಯ ಮುಳುಗುವ ಒಂದು ಗಂಟೆ ಮೊದಲೇ ಮೇಕೆಗಳನ್ನು ಹೊಡೆದುಕೊಂಡು ಹೋದರೆ ಬೆಳಕಿನಲ್ಲೇ ಜೀಬ್ರಾಗಳು ನೀರು ಕುಡಿಯಬಹುದು ಎಂದು ಕೇಳಿಕೊಂಡೆವು. ಒಬ್ಬ ಅಜ್ಜ ಜೀಬ್ರಾದ ಚಿತ್ರ ಬಿಟ್ಟು ಕತ್ತೆಕಿರುಬದ್ದನ್ನೇ ಕೈಗೆತ್ತಿಕೊಂಡು, ಇದು ಯಾವ ಕಡೆಯಿಂದ ಬರುತ್ತದೆ ಎಂದು ಕೇಳಿದರು. ಅವರ ಮೇಕೆಗಳೂ ಕಡಿಮೆಯಾಗುತ್ತಿದ್ದವು. ಅದನ್ನು ಪತ್ತೆ ಮಾಡಲು ಇನ್ನೂ ಎರಡು ಕ್ಯಾಮೆರಾ ಬೇಕು, ಇರುವುದು ಒಂದು. ಸಮಯದ ಮಾತು ಇನ್ನೂ ಇತ್ಯರ್ಥವಾಗಿಲ್ಲ. ಮುಂದಿನ ವಾರ ಮತ್ತೆ ಸೇರುತ್ತೇವೆ.