ನಾನೂ ಮಾತ್ರೆ ಶುರು ಮಾಡಿದೆ

ನನ್ನವರಿಗೆ ಎಚ್‌ಐವಿ ಇದೆಯೆಂದು ಗೊತ್ತಾಗಿದ್ದು ಕಾಫಿ ಕೊಯ್ಲಿನ ನಡುವೆ. ವೈರಸ್ ಹತ್ತಿಕ್ಕುವ ಔಷಧ, ಎಆರ್‌ಟಿ, ಶುರುವಾಗಿ ಎರಡು ತಿಂಗಳು. ಅವರ ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕಿಳಿದು ಹಾಗೇ ಉಳಿದರೆ ಕೂಡುವುದರಿಂದ ನನಗೆ ಹರಡುವುದಿಲ್ಲ. ಆದರೆ ಅಲ್ಲಿಯವರೆಗೆ?

ಮಡಿಕೇರಿಯಲ್ಲಿ ಡಾಕ್ಟರು ಪ್ರೆಪ್ ಬಗ್ಗೆ ಹೇಳಿದರು. ಎಚ್‌ಐವಿ ಇಲ್ಲದವರು ಅದು ತಗಲದಂತೆ ಮೊದಲೇ ತೆಗೆದುಕೊಳ್ಳುವ ಔಷಧ. ಟೆನೊಫೊವಿರ್, ಎಮ್‌ಟ್ರಿಸಿಟಾಬಿನ್ ಸೇರಿದ ಮಾತ್ರೆ, ದಿನಕ್ಕೊಂದು. ತಪ್ಪದೆ ನುಂಗಿದರೆ ಲೈಂಗಿಕ ಸಂಪರ್ಕದಿಂದ ಸೋಂಕು ತಗಲುವ ಸಾಧ್ಯತೆ ಸುಮಾರು ಶೇ. 99ರಷ್ಟು ಕಡಿಮೆ. ಮೊದಲು ಎಚ್‌ಐವಿ, ಕಿಡ್ನಿ, ಹೆಪಟೈಟಿಸ್ ಬಿ ಪರೀಕ್ಷೆ. ಆಮೇಲೆ 3 ತಿಂಗಳಿಗೊಮ್ಮೆ ಎಚ್‌ಐವಿ ಪರೀಕ್ಷೆ. ಬೇರೆ ಲೈಂಗಿಕ ರೋಗಗಳನ್ನು ಇದು ತಡೆಯದು, ಕಾಂಡೋಮ್ ಬಿಡಬೇಡಿ ಎಂದರು.

ನನಗೆ ಹೆದರಿಕೆ ಇದ್ದದ್ದು ಮಾತ್ರೆಗಲ್ಲ, ಅತ್ತೆಯ ಕಣ್ಣಿಗೆ. ಅಕ್ಕಿತರಿ ಡಬ್ಬಿಯ ಹಿಂದೆ ಬಚ್ಚಿಟ್ಟಿದ್ದೆ. ಈಗ ಮೇಜಿನ ಮೇಲೇ ಇಡುತ್ತೇನೆ. ರಾತ್ರಿ ಊಟವಾದ ಮೇಲೆ ನನ್ನವರದೊಂದು, ನನ್ನದೊಂದು, ಒಂದೇ ಚೊಂಬಿನ ನೀರು.